ಗುಳಿಗೆರಾಯ

ಸಗಟು ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನಿಗೆ ದೊಡ್ಡ ಗಂಟಲಿದ್ದರೆ ಸಾಲದು, ಲಜ್ಜೆಗೆಟ್ಟ ನಾಲಿಗೆಯೂ ಬೇಕು. ಅವನಿಗೆ ಎರಡೂ ಧಾರಾಳವಾಗಿದ್ದವು. ಬೆಳಗಿನ ಲಾರಿಗಳು ಹಿಮ್ಮುಖವಾಗಿ ಬಂದು ಕಟ್ಟೆಗೆ ಒರಗಿ ನಿಂತು, ಹಮಾಲಿಗಳು ಟೊಮೆಟೊ ಕ್ರೇಟುಗಳನ್ನು ಇಳಿಸಿ ಪೇರಿಸಿದ ಮೇಲೆ, ಅವನು ತಲೆಗೊಂದು ಟವೆಲು ಸುತ್ತಿಕೊಂಡು, ಖಾಲಿ ಕ್ರೇಟೊಂದನ್ನು ಬೋರಲು ಹಾಕಿ ಅದರ ಮೇಲೆ ಹತ್ತಿ ನಿಲ್ಲುತ್ತಿದ್ದ. ಅಲ್ಲಿಂದಾಚೆ ಮಂಡಿಯ ಆ ತುದಿಯ ಮೂತ್ರಾಲಯದಲ್ಲಿ ನಿಂತವನಿಗೂ ಇವತ್ತು ಎಲೆಕೋಸಿನ ಗತಿ ಏನು ಅನ್ನುವುದು ತಿಳಿಯುತ್ತಿತ್ತು. ಅದಕ್ಕೇ ಅವನಿಗೆ ಗಂಟೆ ಎಂದು ಹೆಸರು. ಆ ಹೆಸರಿನ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆ.

ಕೊಳ್ಳುವವರನ್ನು ಕೆಣಕಿ ಬೆಲೆ ಏರಿಸುವುದು ಅವನ ಕಸುಬು. "ಏನ್ ಸಾಹುಕಾರ್ರೇ, ಅಲ್ಲಿಗೇ ನಿಂತುಬಿಟ್ರಿ? ಮುಂದಿಂದು ಹೆಂಡ್ತಿ ಹತ್ರ ಕೇಳ್ಕೊಂಡು ಬರ್ತೀರಾ? ಹೋಗ್ಬನ್ನಿ, ಕಾಯ್ತೀನಿ" ಎಂದರೆ ಸಾಕು, ಸಾಹುಕಾರ ಮುಖ ಕೆಂಪಗೆ ಮಾಡಿಕೊಂಡು ಇನ್ನೊಂದು ಮೆಟ್ಟಿಲು ಏರುತ್ತಿದ್ದ. ಅಡ್ಡಹೆಸರಿಡುವುದರಲ್ಲಂತೂ ಅವನನ್ನು ಬಿಟ್ಟರಿಲ್ಲ. ಕುಂಟುತ್ತಾ ನಡೆಯುವ ಹಮಾಲಿ ಅವನ ಬಾಯಲ್ಲಿ 'ಒಂದೂವರೆ' ಆದ. ಈರುಳ್ಳಿ ವ್ಯಾಪಾರಿಯ ಹೊಟ್ಟೆ ನೋಡಿ 'ಅವಳಿ-ಜವಳಿ' ಅಂದ. ಮಂಡಿಯ ಹೆಬ್ಬಾಗಿಲ ಪಕ್ಕದಲ್ಲಿ ಔಷಧಿ ಅಂಗಡಿ ಇಟ್ಟಿದ್ದವನಿಗೆ ತೊದಲು. ಒಂದು ಮಾತು ಹೊರಬರಲು ಕರಕರ ಎಂದು ತಿಣುಕುತ್ತಿದ್ದ. ಅವನಿಗೆ 'ಹಳೇ ರೇಡಿಯೊ' ಎಂದಿಟ್ಟ. ಆ ಹೆಸರು ಎಷ್ಟು ಗಟ್ಟಿಯಾಗಿ ಕಚ್ಚಿಕೊಂಡಿತೆಂದರೆ, ಅಂಗಡಿಯವನ ಮಗಳನ್ನು ನೋಡಲು ಬಂದ ಗಂಡಿನ ಕಡೆಯವರು ದಾರಿ ಕೇಳಿದಾಗ ಯಾರೋ "ಓ, ಹಳೇ ರೇಡಿಯೊ ಮನೇಗಾ?" ಎಂದು ಕೈ ತೋರಿಸಿದ್ದರು. ಆ ಸಂಬಂಧ ಕೂಡಿಬರಲಿಲ್ಲ. ಹೆಸರೇ ಕಾರಣ ಎನ್ನಲಾಗದು. ಆದರೆ ಅಂಗಡಿಯವನು ಹಾಗೆಂದೇ ನಂಬಿದ್ದ.

ಗಂಟೆಯ ನಾಲಿಗೆ ಎಲ್ಲಿಂದ ಬಂತೆಂದು ತಿಳಿಯಬೇಕಾದರೆ ಅವನ ತಾಯಿಯನ್ನು ನೋಡಬೇಕಿತ್ತು. ಮಂಡಿಯ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ. ಹೊರಗಿನ ಕೋಣೆಯಲ್ಲಿ ಅವನ ಹೆಂಡತಿ ಹೊಲಿಗೆ ಮಷೀನು ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಒಳಗಿನ ಕೋಣೆಯ ಬಾಗಿಲಲ್ಲಿ ತಾಯಿ ಕೂತಿರುತ್ತಿದ್ದಳು. ಮದುವೆಯಾಗಿ ವರ್ಷಗಳು ಕಳೆದರೂ ಮಕ್ಕಳಾಗಿರಲಿಲ್ಲ. "ಊರ ಮಕ್ಕಳಿಗೆಲ್ಲ ಬಟ್ಟೆ ಹೊಲಿತಾಳೆ, ತನ್ನದೊಂದಕ್ಕೆ ಹೊಲಿಯೋ ಯೋಗ ಇಲ್ಲ" ಎಂದು ಅತ್ತೆ, ಬಟ್ಟೆ ಕೊಡಲು ಬಂದವರ ಎದುರಿಗೇ ಹೇಳುತ್ತಿದ್ದಳು. ಸೊಸೆ ಪೆಡಲು ಜೋರಾಗಿ ತುಳಿಯುತ್ತಿದ್ದಳು, ಅಷ್ಟೆ. ಮಂಡಿಯಲ್ಲಿ ಮಾತ್ರ ಈ ವಿಷಯ ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ. ಎತ್ತಿದವನನ್ನು ಗಂಟೆ ಕ್ರೇಟಿನ ಮೇಲೆ ನಿಂತು ಹರಾಜಿಗಿಡುತ್ತಿದ್ದ.

ಕೊನೆಗೆ, ಎಲ್ಲರೂ ಆಸೆ ಬಿಟ್ಟ ಮೇಲೆ, ಅವಳು ಬಸುರಿಯಾದಳು.

ಹೆಣ್ಣು ಮಗು. ತೂಕ ಚೆನ್ನಾಗಿತ್ತು, ತಲೆತುಂಬ ಕೂದಲು. ಹುಟ್ಟಿದ ಕೂಡಲೇ ಅತ್ತಿತು ಕೂಡ. ಗಂಟೆ ಆಸ್ಪತ್ರೆಯ ಹೊರಗಿಂದಲೇ ಮಂಡಿಗೆ ಫೋನು ಮಾಡಿ ಹಮಾಲಿಗಳಿಗೆಲ್ಲ ಸಿಹಿ ಹಂಚಲು ಹೇಳಿದ. ಸಿಹಿ ಹಂಚಿ ಮುಗಿಯುವಷ್ಟರಲ್ಲಿ ಮಗುವಿನ ತುಟಿ, ಉಗುರು, ಆಮೇಲೆ ಮೈ, ಒಂದೊಂದಾಗಿ ಬಣ್ಣ ತಿರುಗಿದವು. ನರ್ಸು ಮಗುವನ್ನು ಎತ್ತಿಕೊಂಡು ಓಡುವುದನ್ನು ಅಜ್ಜಿ ಕಂಡಳು.

"ಇದೇನೇ ಇದು, ಬದನೆಕಾಯಿ ಬಣ್ಣ?" ಎಂದಳು ಸೊಸೆಗೆ. "ಇಷ್ಟು ವರ್ಷ ಕಾಯಿಸಿ ಇಂಥದ್ದನ್ನ ಹೆತ್ಯಾ?"

ಮಕ್ಕಳ ವಿಭಾಗದ ಡಾಕ್ಟರು ಒಬ್ಬಳು ಹುಡುಗಿಯಂಥ ಹೆಂಗಸು. ಕಣ್ಣ ಕೆಳಗೆ ನಿದ್ದೆಗೇಡಿನ ಕಪ್ಪು. ಅವಳು ಗಂಟೆಯನ್ನು ಗಾಜಿನ ಕಿಟಕಿಯ ಬಳಿ ನಿಲ್ಲಿಸಿ ಹೇಳಿದಳು: "ಹೊಟ್ಟೆ ಒಳಗಿರೋವಾಗ ಮಗು ಉಸಿರಾಡಲ್ಲ. ಹಾಗಾಗಿ ಶ್ವಾಸಕೋಶದ ರಕ್ತನಾಳಗಳು ಬಿಗಿದುಕೊಂಡೇ ಇರ್ತವೆ. ಹುಟ್ಟಿ ಅತ್ತ ಕೂಡಲೇ ಅವು ಸಡಿಲ ಆಗಬೇಕು. ನಿಮ್ಮ ಮಗಳದ್ದು ಆಗಿಲ್ಲ. ಹೃದಯ ಎಷ್ಟು ತಳ್ಳಿದ್ರೂ ರಕ್ತ ಅಲ್ಲಿಗೆ ಹೋಗ್ತಾ ಇಲ್ಲ. ಗಾಳಿ ಸಿಗದೇ ಇರೋ ರಕ್ತವೇ ಮೈಯೆಲ್ಲ ಓಡ್ತಿದೆ. ಅದಕ್ಕೇ ಈ ಬಣ್ಣ."

ಗಂಟೆ ಅದನ್ನು ತನಗೆ ತಿಳಿದ ರೀತಿಯಲ್ಲಿ ಅರ್ಥ ಮಾಡಿಕೊಂಡ. ಮಂಡಿಯ ಗೇಟು ತೆರೆದಿಲ್ಲ; ಲಾರಿಗಳು ಬೀದಿಯುದ್ದಕ್ಕೂ ನಿಂತು ಹಾರನ್ನು ಹೊಡೆಯುತ್ತಿವೆ; ಮಾಲು ಅಲ್ಲೇ ಕೊಳೆಯುತ್ತಿದೆ.

"ಗೇಟು ತೆಗೆಸೋಕೆ ಏನ್ ಮಾಡ್ಬೇಕಮ್ಮ?" ಎಂದು ಕೇಳಿದ. ಅವಳಿಗೆ ಯಾವ ಗೇಟೆಂದು ಅರ್ಥವಾಗಲಿಲ್ಲ.

ಮಗು ವಾರಗಟ್ಟಲೆ ಯಂತ್ರದ ಉಸಿರಿನಲ್ಲಿ ಇತ್ತು. ಮಂಡಿಯಲ್ಲಿ ಕೇಳಿದವರಿಗೆ ಗಂಟೆ "ಹೆಂಡ್ತಿಗೆ ಸ್ವಲ್ಪ ಹುಷಾರಿಲ್ಲ, ಮಗಳು ಗುಂಡುಕಲ್ಲು" ಅನ್ನುತ್ತಿದ್ದ. ಕೊನೆಗೆ ಯಂತ್ರದಿಂದ ಬಿಡಿಸಿ ಮನೆಗೆ ಕಳಿಸುವ ದಿನ ಡಾಕ್ಟರು ಒಂದು ಮಾತ್ರೆ ಬರೆದುಕೊಟ್ಟಳು. ಅದನ್ನು ನುಣ್ಣಗೆ ಪುಡಿಮಾಡಿ, ಕುದಿಸಿ ಆರಿಸಿದ ನೀರಲ್ಲಿ ಕದಡಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಗೆರೆ ನೋಡಿ ಎಳೆದು, ಮಗುವಿನ ಕೆನ್ನೆಯೊಳಗೆ ಬಿಡಬೇಕು. ನರ್ಸು ಹೆಂಡತಿಗೆ ಎರಡೆರಡು ಸಲ ಮಾಡಿಸಿ ತೋರಿಸಿದಳು.

"ಒಂದು ಹೊತ್ತೂ ತಪ್ಪಬಾರದು" ಎಂದಳು ಡಾಕ್ಟರು. "ಇದ್ದಕ್ಕಿದ್ದಂತೆ ನಿಂತ್ರೆ ನಾಳಗಳು ಮತ್ತೆ ಬಿಗೀತವೆ. ಮೊದಲಿಗಿಂತ ಜೋರಾಗಿ." ಆಮೇಲೆ, "ಇನ್ನೊಂದು ಮಾತು. ಈ ಮಾತ್ರೆ ಗಂಡಸರು ಬೇರೆ ಕಾರಣಕ್ಕೂ ತಗೋತಾರೆ. ಅಂಗಡಿಯವರು ಏನಾದ್ರೂ ಅಂದ್ಕೊಳ್ಳಬಹುದು. ಚೀಟಿ ತೋರಿಸಿಬಿಡಿ."

"ಬೇರೆ ಕಾರಣ ಅಂದ್ರೆ?"

ನರ್ಸು ಗೋಡೆಯ ಕಡೆ ತಿರುಗಿದಳು. ಗಂಟೆಗೆ ಆಗ ಹೊಳೆಯಿತು. ಹುಟ್ಟಿದ ಮೇಲೆ ಯಾವತ್ತೂ ನಾಚದವನು ಅವತ್ತು ಕಿವಿಯವರೆಗೆ ನಾಚಿದ.

ಮನೆಗೆ ಬಂದ ಮೇಲೆ ತಾಯಿ ಬಾಗಿಲು ಹಾಕಿಕೊಂಡು ಇಬ್ಬರನ್ನೂ ಕೂರಿಸಿದಳು. "ಹೆಣ್ಣು ಮಗು. ಎದೆ ಕಾಯಿಲೆ ಅಂತ ಬಾಯಿಂದ ಬಾಯಿಗೆ ಹೋದ್ರೆ ನಾಳೆ ಇವಳನ್ನ ಯಾರು ಕೇಳ್ತಾರೆ? ಬದುಕಿದ್ರೆ ಬದುಕಲಿ. ಆದ್ರೆ ಹೊರಗಡೆ ಒಂದು ಮಾತು ಬೀಳಕೂಡದು."

ಹೆಂಡತಿ ಗಂಡನ ಮುಖ ನೋಡಿದಳು. ಅವನು ಹೂಂ ಎಂದ. ತಾಯಿಯ ಭಯಕ್ಕಿಂತ ಅವನಿಗೆ ಬೇರೆಯದೇ ಭಯ. ಮಂಡಿಯಲ್ಲಿ ಯಾರಾದರೂ ಅಯ್ಯೋ ಪಾಪ ಅಂದುಬಿಟ್ಟರೆ? ಅಯ್ಯೋ ಪಾಪ ಅನ್ನಿಸಿಕೊಂಡವನು ಮಾರನೇ ದಿನ ಕ್ರೇಟಿನ ಮೇಲೆ ಹತ್ತಿ ಯಾರನ್ನು ಕೆಣಕುವುದು?

ಮೊದಲ ತಿಂಗಳುಗಳಲ್ಲಿ ಅವನು ಎರಡು ಬಸ್ಸು ಬದಲಿಸಿ ಹೋಗಿ ಆಸ್ಪತ್ರೆಯ ಔಷಧಿ ಕಿಟಕಿಯಿಂದಲೇ ಮಾತ್ರೆ ತರುತ್ತಿದ್ದ. ಮಗು ನಿಧಾನಕ್ಕೆ ಮೈ ತುಂಬಿಕೊಳ್ಳುತ್ತಿತ್ತು. ಹಾಲು ಕುಡಿಯುತ್ತಾ ಕುಡಿಯುತ್ತಾ ಸುಸ್ತಾಗಿ ನಿಲ್ಲಿಸಿ, ಬೆವರಿ, ಮತ್ತೆ ಕುಡಿಯುತ್ತಿತ್ತು. ಅಪ್ಪನ ದನಿ ಕೇಳಿದರೆ ಕತ್ತು ಹೊರಳಿಸುತ್ತಿತ್ತು. ಮಂಡಿಯಿಡೀ ನಡುಗಿಸುವವನು ಮಗಳ ಹತ್ತಿರ ಪಿಸುಮಾತಿನಲ್ಲಿ ಟೊಮೆಟೊ ಹರಾಜು ಕೂಗುತ್ತಿದ್ದ, ಅದು ಬೊಚ್ಚು ಬಾಯಿ ಬಿಟ್ಟು ನಗುತ್ತಿತ್ತು.

ಒಂದು ದಿನ ಲಾರಿಗಳು ತಡವಾಗಿ ಬಂದು ಹರಾಜು ಮಧ್ಯಾಹ್ನದವರೆಗೆ ಎಳೆಯಿತು. ಆಸ್ಪತ್ರೆಗೆ ಹೋಗಲು ಹೊತ್ತಿಲ್ಲ. ಗಂಟೆ ಮಾತ್ರೆಯ ಖಾಲಿ ಪಟ್ಟಿಯನ್ನು ಜೇಬಿನಿಂದ ತೆಗೆದು ಹಳೇ ರೇಡಿಯೊನ ಗಾಜಿನ ಮೇಜಿನ ಮೇಲಿಟ್ಟ. ಚೀಟಿ ಮನೆಯಲ್ಲಿತ್ತು. ಇದ್ದಿದ್ದರೂ ತೋರಿಸುತ್ತಿರಲಿಲ್ಲ.

ಅಂಗಡಿಯವನು ಪಟ್ಟಿಯನ್ನು ನೋಡಿದ, ಗಂಟೆಯನ್ನು ನೋಡಿದ. "ಯಾ-ಯಾ-ಯಾರಿಗೆ?"

"ನನಗೇ ಅಂದ್ಕೋ. ನಿಂಗ್ಯಾಕೆ? ಕೊಡು."

ಅಷ್ಟು ಸಾಕಾಯಿತು.

ಮಾರನೇ ಬೆಳಿಗ್ಗೆ ಅವನು ಕ್ರೇಟಿನ ಮೇಲೆ ಹತ್ತುತ್ತಿದ್ದ ಹಾಗೆ ಈರುಳ್ಳಿ ವ್ಯಾಪಾರಿ ಗುಂಪಿನ ಮಧ್ಯದಿಂದ ಕೂಗಿದ: "ಗಂಟೆ, ಇವತ್ತು ಏರಿಸೋದು ಹಂಗೇ ಆಗುತ್ತೋ, ಗುಳಿಗೆ ನುಂಗಬೇಕೋ?" ಎಲ್ಲರೂ ಗೊಳ್ಳೆಂದರು. ಗುಂಪಿನ ಹಿಂದೆ, ಅಂಗಡಿ ಬಿಟ್ಟು ಬಂದು ನಿಂತಿದ್ದ ಹಳೇ ರೇಡಿಯೊ ಬಾಯಿ ತೆರೆದ. "ಗು-ಗು-ಗು..." ಜನ ಅವನ ಕಡೆ ತಿರುಗಿ ಕಾದರು. ಅವನ ಬದುಕಿನಲ್ಲೇ ಅಷ್ಟು ಜನ ಅವನ ಮಾತು ಮುಗಿಯಲೆಂದು ಕಾದದ್ದು ಅದೇ ಮೊದಲು. "ಗು-ಗುಳಿಗೆರಾಯ!"

ಹೆಸರು ಅಲ್ಲೇ ಅಂಟಿತು.

ಗಂಟೆ ಸುಮ್ಮನಿರುವವನಲ್ಲ. "ಅವಳಿ-ಜವಳಿ ಸಾಹುಕಾರ್ರೇ, ನಂದು ಮುಗಿದು ಮಿಕ್ಕಿದೆ. ನಿಮಗೆ ಬೇಕಾದ್ರೆ ಅರ್ಧ ಮುರಿದು ಕೊಡ್ತೀನಿ. ನಿಮ್ಮನೇಲಿ ಅರ್ಧ ಸಾಕಾಗುತ್ತೋ ಇಲ್ವೋ ಕೇಳ್ಕೊಂಡ್ ಬನ್ನಿ!" ಎಂದ. ನಗು ಮಂಡಿಯ ತಗಡಿನ ಮಾಡಿಗೆ ಬಡಿದು ಮರಳಿತು. ಅವತ್ತು ಟೊಮೆಟೊ ಒಳ್ಳೇ ಬೆಲೆಗೆ ಹೋಯಿತು. ತಾನೇ ಗೆದ್ದೆ ಎಂದುಕೊಂಡು ಮನೆಗೆ ಹೋದ.

ಮಾತು ಅವನಿಗಿಂತ ಮೊದಲೇ ಬೀದಿಗೆ ಬಂದಿತ್ತು. ಸಮವಸ್ತ್ರದ ಅಳತೆ ಕೊಡಲು ಬಂದ ಹೆಂಗಸೊಬ್ಬಳು ಸೆರಗು ಬಾಯಿಗಿಟ್ಟುಕೊಂಡು ಕೇಳಿದಳು: "ಅಲ್ಲಾ, ಇಷ್ಟು ವರ್ಷ ಆದ್ಮೇಲೆ ಮಗು ಆಗಿದ್ದೂ ಆ ಗುಳಿಗೆಯಿಂದಲೇ ಅಂತೆ, ಹೌದಾ? ನಮ್ಮೆಜಮಾನ್ರಿಗೂ ಹೇಳೋಣ ಅಂತ." ಆ ಹೊತ್ತಿಗೆ ಹೆಂಡತಿಯ ಕೈಯಲ್ಲಿ ಎರಡು ಚಮಚಗಳ ನಡುವೆ ಅದೇ ಮಾತ್ರೆ ಪುಡಿಯಾಗುತ್ತಿತ್ತು. ಅವಳು ಚಮಚವನ್ನು ಮಷೀನಿನ ಕೆಳಗೆ ಮರೆಮಾಡಿದಳು.

ಗಂಡ ಬಂದ ಕೂಡಲೇ ಹೇಳಿದಳು: "ರೀ, ನಿಜ ಹೇಳಿಬಿಡಿ ಅವರಿಗೆ."

"ಹೇಳಿದ್ರೆ?"

"ಬಾಯಿ ಮುಚ್ತಾರೆ."

"ಮುಚ್ಚಿದ್ರೇ ಕಷ್ಟ ಕಣೇ. ನಗಲಿ ಬಿಡು. ನಕ್ಕೋರು ಬೆಲೆ ಏರಿಸ್ತಾರೆ. ಅಯ್ಯೋ ಅನ್ನೋರು ಏರಿಸಲ್ಲ."

"ನನ್ನ ನೋಡಿನೂ ನಗ್ತಾರೆ, ನಿಮಗೆ ಗೊತ್ತಾ?"

ಒಳಗಿನ ಬಾಗಿಲಿಂದ ತಾಯಿ ಹೇಳಿದಳು: "ನಗಲಿ. ಗಂಡಸಿನ ಗುಳಿಗೆ ಅಂತ ತಾನೇ ನಗೋದು? ರೋಗದ ಮಗು ಹೆತ್ತೋಳು ಅಂತ ನಗೋದಕ್ಕಿಂತ ವಾಸಿ."

ಕೆಲವು ವಾರಗಳಲ್ಲಿ ಗಂಟೆಗೆ ಲೆಕ್ಕ ತಪ್ಪಿದ್ದು ತಿಳಿಯಿತು. ಮಂಡಿಯಲ್ಲಿ ಒಬ್ಬ ನಗಿಸುತ್ತಾನೆ, ಉಳಿದವರು ನಗುತ್ತಾರೆ. ಇಷ್ಟು ದಿನ ನಗಿಸುವವನು ಅವನಾಗಿದ್ದ. ಈಗ ಅವನು ಎತ್ತರಿಸಿ ಕೂಗಿದರೆ "ಏರಿತು, ಏರಿತು!" ಎಂದು ಕೇಕೆ, ತಗ್ಗಿಸಿದರೆ "ಇಳೀತು!" ಎಂದು ಸಿಳ್ಳೆ. ಕೊಳ್ಳುವವರು ಅವನ ಕೆಣಕಿಗೆ ಉರಿಯುವುದನ್ನು ಬಿಟ್ಟರು. ಬೆಲೆ ಸಲೀಸಾಗಿ ಬಿದ್ದುಹೋಗುತ್ತಿತ್ತು. ಮಂಡಿಯ ಯಜಮಾನರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಕನ್ನಡಕದ ಮೇಲೆ ನೋಡುತ್ತಾ, "ಏನಪ್ಪಾ, ಗಂಟೆ ಬಿರುಕು ಬಿಟ್ಟಿದೆಯಲ್ಲ" ಎಂದರು. ಆದರೂ ಗಂಟೆ ಮಾತ್ರೆಗೆ ಹಳೇ ರೇಡಿಯೊನ ಅಂಗಡಿಗೇ ಹೋಗುತ್ತಿದ್ದ. ಬಿಟ್ಟರೆ ಹೆದರಿದ ಹಾಗಾಗುತ್ತಿತ್ತು.

ಅಂಥ ಒಂದು ದಿನ ಮಗುವಿಗೆ ನೆಗಡಿಯಾಗಿತ್ತು. ಬೆಳಿಗ್ಗೆ ಅವನು ಚಪ್ಪಲಿ ಮೆಟ್ಟುವಾಗ ಹೆಂಡತಿ ಹೇಳಿದಳು: "ಈ ಹೊತ್ತಿನದು ಕೊಟ್ಟೆ. ಡಬ್ಬಿ ಖಾಲಿ. ನಿನ್ನೆಯೇ ಹೇಳಿದ್ದೆ ನಿಮಗೆ. ಮಧ್ಯಾಹ್ನದ ಒಳಗೆ ತಂದ್ಬಿಡಿ."

"ತರ್ತೀನಿ" ಎಂದ.

ಹರಾಜು ಮುಗಿಸಿ ಅಂಗಡಿಗೆ ಬಂದಾಗ ಅವನ ಹಿಂದೆಯೇ ಐದಾರು ಜನ ಪಕ್ಕದ ಗೂಡಂಗಡಿಯ ಚಹಾ ಹಿಡಿದುಕೊಂಡು ಬಂದಿದ್ದರು. ಗುಳಿಗೆರಾಯ ಗುಳಿಗೆ ಕೊಳ್ಳುವುದನ್ನು ನೋಡುವುದು ಅವರಿಗೆ ಚಹಾದ ಜತೆಯ ತಿಂಡಿ. ಹಳೇ ರೇಡಿಯೊ ಡ್ರಾಯರಿನಿಂದ ಪಟ್ಟಿ ತೆಗೆದ. ಕೊಡಲಿಲ್ಲ. ಎತ್ತಿ ಹಿಡಿದ.

"ಒಂ-ಒಂದೇ ಇದೆ."

"ಒಂದೇ ಇದ್ರೆ ಹರಾಜು ಹಾಕಯ್ಯಾ!" ಎಂದ ಈರುಳ್ಳಿ ವ್ಯಾಪಾರಿ.

ಅಂಗಡಿಯವನ ಮುಖ ಅರಳಿತು. ಮೂಲೆಯ ಸ್ಟೂಲನ್ನು ಎಳೆದು, ಅದರ ಮೇಲೆ ಹತ್ತಿ, ಕೈವಸ್ತ್ರವನ್ನು ಗಂಟೆಯ ಟವೆಲಿನಂತೆ ತಲೆಗೆ ಸುತ್ತಿಕೊಂಡ. "ಬ-ಬನ್ನಿ ಸಾಹುಕಾರ್ರೇ! ಹೆಂ-ಹೆಂಡ್ತಿ ಹತ್ರ ಕೇ-ಕೇಳ್ಕೊಂಡು ಬರ್ತೀರಾ?" ಜನ ಕೈತಟ್ಟಿದರು. ಹಾದಿಯಲ್ಲಿ ಹೋಗುತ್ತಿದ್ದ ಹಮಾಲಿಗಳೂ ಮೂಟೆ ಇಳಿಸಿ ನಿಂತರು. ಗಂಟೆ ಮೊದಲು ನಗುತ್ತಲೇ ಒಂದು ಬೆಲೆ ಕೂಗಿದ. ಈರುಳ್ಳಿ ವ್ಯಾಪಾರಿ ಮೇಲೆ ಕೂಗಿದ. ಗಂಟೆ ಏರಿಸಿದ, ಅವನೂ ಏರಿಸಿದ. ಜೇಬು ತುಂಬಿದವನ ಜತೆ ಎಷ್ಟೆಂದು ಏರುವುದು? ಬಿಸಿಲು ನೆತ್ತಿಗೆ ಬರುತ್ತಿತ್ತು.

"ತಮಾಷೆ ಸಾಕು. ಕೊಡಣ್ಣ" ಎಂದ ಗಂಟೆ. ಅವನನ್ನು ಅಣ್ಣ ಅಂದದ್ದು ಅದೇ ಮೊದಲು.

"ಕೇ-ಕೇಳಿಸಲಿಲ್ಲ. ಕೂ-ಕೂಗಿ ಹೇಳು."

"ಎರಡನೇ ಸಾರಿ!" ಎಂದು ಯಾರೋ ಪಕ್ಕದಿಂದ ಅರಚಿದ.

ಗಂಟೆ ಬಾಯಿಬಿಟ್ಟ. ಇಡೀ ಮಂಡಿಗೆ ಕೇಳುವ ದನಿ ಅದು. "ಮಗೂಗೆ ಕಣ್ರೋ! ನನ್ನ ಮಗೂಗೆ ಬೇಕು ಅದು!"

ಒಂದು ಗಳಿಗೆ ಎಲ್ಲರೂ ಅವನನ್ನೇ ನೋಡಿದರು. ಆಮೇಲೆ ನಗು ಸಿಡಿಯಿತು. ಹೊಟ್ಟೆ ಹಿಡಿದುಕೊಂಡು ನಕ್ಕರು, ಒಬ್ಬರ ಬೆನ್ನು ಒಬ್ಬರು ಬಡಿದು ನಕ್ಕರು. ಹಮಾಲಿ 'ಒಂದೂವರೆ' ನೆಲಕ್ಕೆ ಕೂತು ನಕ್ಕ. ಗಂಟೆ ಇಷ್ಟು ವರ್ಷದಲ್ಲಿ ಆಡಿದ ಯಾವ ಮಾತಿಗೂ ಅವರು ಅಷ್ಟು ನಕ್ಕಿರಲಿಲ್ಲ. "ಮಗೂಗಂತೆ! ತೊಟ್ಟಿಲಲ್ಲೇ!" ಈರುಳ್ಳಿ ವ್ಯಾಪಾರಿ ಕಣ್ಣೀರು ಒರೆಸಿಕೊಳ್ಳುತ್ತಾ ನೋಟುಗಳನ್ನು ಮೇಜಿನ ಮೇಲೆಸೆದು, "ಇದಕ್ಕೆ ಎಷ್ಟಾದ್ರೂ ಕೊಡಬಹುದು ಕಣಯ್ಯಾ" ಎಂದು, ಪಟ್ಟಿಯನ್ನು ಅಂಗಿಯ ಜೇಬಿಗೆ ತುರುಕಿ, ಸ್ಕೂಟರು ಹತ್ತಿ ಹೊರಟೇಹೋದ. ಗಂಟೆ ಸ್ಕೂಟರಿನ ಹಿಂದೆ ನಾಲ್ಕು ಹೆಜ್ಜೆ ಓಡಿದ. ಅದನ್ನು ನೋಡಿ ಇನ್ನೂ ನಕ್ಕರು.

"ನಾ-ನಾಳೆ ಬಾ. ಮಾ-ಮಾಲು ಬರುತ್ತೆ" ಎಂದ ಅಂಗಡಿಯವನು.

ಗಂಟೆ ಮುಂದಿನ ಬೀದಿಯ ಅಂಗಡಿಗೆ ಹೋದ. ಅಲ್ಲಿ ಆ ಮಾತ್ರೆ ಇಡುತ್ತಿರಲಿಲ್ಲ. ಅದರಾಚೆಯ ಅಂಗಡಿಯಲ್ಲಿ ಕೂತಿದ್ದ ಮುದುಕ "ಚೀಟಿ ಇಲ್ದೆ ಕೊಡಲ್ಲ" ಎಂದ. ಮಗುವಿಗೆ ಎಂದಾಗ ಮುದುಕನಿಗೆ ಸಿಟ್ಟು ಬಂತು. "ಇದನ್ನ ಮಗೂಗೆ ಕೊಡ್ತೀಯಾ? ತಲೆ ಸರಿ ಇದೆಯಾ? ಪೊಲೀಸರನ್ನ ಕರೀಲಾ?" ಮನೆಯಿಂದ ಚೀಟಿ ತಂದರೂ ಈ ಮುದುಕ ನಂಬುತ್ತಾನೋ ಇಲ್ಲವೋ, ಆಸ್ಪತ್ರೆಗೇ ಹೋದರೆ ಖಂಡಿತ ಸಿಗುತ್ತದೆ ಎಂದು ಗಂಟೆ ಬಸ್ಸು ಹತ್ತಿದ. ಮನೆಗೆ ಹೇಳೋಣವೆಂದು ಜೇಬು ತಡವಿದರೆ ಫೋನಿಲ್ಲ. ಮಂಡಿಯಲ್ಲಿ ಚಾರ್ಜಿಗೆ ಹಾಕಿದ್ದು ಅಲ್ಲೇ ಉಳಿದಿತ್ತು.

ಇತ್ತ ಮನೆಯಲ್ಲಿ ಮಗು ಹಾಲು ಬೇಡವೆಂದು ಮುಖ ತಿರುಗಿಸಿತು. ಮೂಗಿನ ಹೊಳ್ಳೆಗಳು ಅರಳಿ ಅರಳಿ ಉಸಿರಾಡುತ್ತಿತ್ತು. ಹಣೆಯ ಮೇಲೆ ತಣ್ಣನೆ ಬೆವರು. "ನೆಗಡಿ. ಬೆಚ್ಚಗೆ ಹೊದಿಸು. ಎಲ್ಲದಕ್ಕೂ ಆಸ್ಪತ್ರೆ ಆಸ್ಪತ್ರೆ ಅಂತ ಕುಣೀಬೇಡ" ಎಂದಳು ಅತ್ತೆ. ಸೊಸೆ ಗಂಡನಿಗೆ ಫೋನು ಹಚ್ಚಿದಳು. ಎತ್ತಿದವನು ಮಂಡಿಯ ಗುಮಾಸ್ತ.

"ಗುಳಿಗೆರಾಯ ಇಲ್ಲ ಕಣಮ್ಮ" ಎಂದ. "ಗುಳಿಗೆ ತರೋಕೆ ಹೋಗಿದಾನೆ. ಅಷ್ಟು ಅರ್ಜೆಂಟಾ?" ಅವನ ಹಿಂದೆ ಯಾರೋ ನಕ್ಕದ್ದು ಅವಳಿಗೆ ಕೇಳಿಸಿತು.

ಮಗುವಿನ ತುಟಿ ನೋಡಿದಳು. ಆ ಬಣ್ಣ ಅವಳಿಗೆ ಗೊತ್ತಿತ್ತು. ಬರಿಗಾಲಲ್ಲೇ ಮಗುವನ್ನೆತ್ತಿಕೊಂಡು ಬೀದಿಗೆ ಬಂದು, ಕಂಡ ಆಟೋ ಹತ್ತಿದಳು.

ಆಸ್ಪತ್ರೆಯ ತುರ್ತು ಬಾಗಿಲು ಕಟ್ಟಡದ ಮುಂದೆ, ಔಷಧಿ ಕಿಟಕಿ ಹಿಂದೆ. ಅವಳು ಮುಂದಿನ ಬಾಗಿಲಲ್ಲಿ ಇಳಿದಾಗ ಅವನು ಹಿಂದಿನ ಸಾಲಿನಲ್ಲಿ ನಿಂತಿದ್ದ. ಕಿಟಕಿಯವನು ಹಳೆಯ ಗುರುತಿನ ಮೇಲೆ ಎರಡು ಪಟ್ಟಿ ಕೊಟ್ಟ. ಗಂಟೆ ಅವನ್ನು ಅಂಗಿಯ ಒಳಜೇಬಿನಲ್ಲಿಟ್ಟು, ಮೇಲೆ ಕೈಯಿಟ್ಟುಕೊಂಡು, ಮಗಳು ಅದೇ ಗೋಡೆಯ ಆಚೆ ಮಲಗಿದ್ದಾಳೆಂದು ತಿಳಿಯದೆ ಮನೆಯ ಬಸ್ಸು ಹಿಡಿದ. ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಅವನಿಗೆ ಸಮಾಧಾನವಾಯಿತು.

ಹೊಸ್ತಿಲಲ್ಲಿ ತಾಯಿ ನಿಂತಿದ್ದಳು. "ಎಲ್ಲೋ ಅಲೀತಿದ್ದೆ? ಅವಳು ಮಗು ಎತ್ಕೊಂಡು ಆಸ್ಪತ್ರೆಗೆ ಓಡಿದ್ಲು. ಹೇಳಿದ ಮಾತು ಕೇಳೋಳಲ್ಲ."

ಅವನು ಮರಳಿ ಆಸ್ಪತ್ರೆ ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೆಂಡತಿ ಬೆಂಚಿನ ಮೇಲೆ ಕೂತಿದ್ದಳು, ಬರಿಗಾಲು. ಡಾಕ್ಟರು ಕೈಗವಸು ಬಿಚ್ಚುತ್ತಾ ಹೊರಬಂದಳು. ಅವನು ಜೇಬಿನಿಂದ ಪಟ್ಟಿಗಳನ್ನು ತೆಗೆದು ಅವಳ ಮುಂದೆ ಹಿಡಿದ. "ತಂದಿದ್ದೀನಮ್ಮ. ಒಂದೇ ಹೊತ್ತು ತಪ್ಪಿದ್ದು."

"ಅದಕ್ಕೇ ಹೀಗಾಯ್ತು ಅಂತ ನಾನು ಹೇಳಲಾರೆ" ಎಂದಳು ಅವಳು. "ನೆಗಡಿ ಎದೆಗೆ ಇಳಿದಿತ್ತು. ಈ ಮಕ್ಕಳಿಗೆ ಅಷ್ಟೇ ಸಾಕು." ಆಮೇಲೆ, ಸುಳ್ಳು ಹೇಳಲು ಬಾರದವಳಂತೆ, "ಅದರಿಂದ ಅಲ್ಲ ಅಂತಲೂ ಹೇಳಲಾರೆ" ಎಂದಳು.

ಎರಡರಲ್ಲಿ ಒಂದನ್ನು ಹೇಳಿದ್ದರೆ ಅವನು ಅದನ್ನಾದರೂ ಹಿಡಿದುಕೊಂಡು ಬದುಕುತ್ತಿದ್ದನೇನೋ.

ಮಣ್ಣು ಮಾಡಿ ಬಂದ ದಿನ ಮಂಡಿಯವರು ಮನೆಯ ಮುಂದೆ ಗುಂಪಾಗಿ ನಿಂತರು. ವಿಷಯ ಎಲ್ಲರಿಗೂ ತಿಳಿದಿತ್ತು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಈರುಳ್ಳಿ ವ್ಯಾಪಾರಿ ಒಳಗೆ ಬಂದು, ಒಂದು ಮಾತ್ರೆಯೂ ಕಡಿಮೆಯಾಗದ ಆ ಪಟ್ಟಿಯನ್ನು ಹೆಂಡತಿಯ ಮುಂದೆ ಮಷೀನಿನ ಮೇಲಿಟ್ಟ. "ಅಮ್ಮಾ, ದೇವರಾಣೆ ನಮಗೆ ಗೊತ್ತಿರಲಿಲ್ಲ."

ಅವಳು ಅದನ್ನೆತ್ತಿ ಅವನ ಕೈಗೇ ಕೊಟ್ಟಳು. "ಇಟ್ಕೊಳ್ಳಿ. ನಿಮಗೆ ಕೆಲಸಕ್ಕೆ ಬರುತ್ತೆ."

ಅವನು ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಗುಂಪಿನ ನಡುವೆ ಹಾದು ಹೋಗಬೇಕಾಯಿತು.

ಎಲ್ಲರೂ ಹೋದ ಮೇಲೆ ಅವಳು ಗಂಡನನ್ನು ಕೇಳಿದಳು: "ಅಷ್ಟು ದೊಡ್ಡ ಗಂಟಲಿದೆಯಲ್ಲ. ಅವತ್ತು ಕೂಗಿ ಹೇಳೋಕಾಗಲಿಲ್ವಾ?"

"ಹೇಳಿದೆ ಕಣೇ. ಕೂಗಿಯೇ ಹೇಳಿದೆ. ನಕ್ಕುಬಿಟ್ರು."

"ನಗ್ತಾರೆ" ಎಂದಳು ಅವಳು, ದನಿ ಏರಿಸದೆ. "ನಗದೆ ಏನ್ ಮಾಡ್ತಾರೆ? ಇಷ್ಟು ವರ್ಷ ನೀವು ಅವರಿಗೆ ಕಲಿಸಿದ್ದು ಅದೊಂದೇ."

ಆ ತಿಂಗಳೇ ಅವಳು ಮಷೀನನ್ನು ಗಾಡಿಗೆ ಹೇರಿಸಿಕೊಂಡು ಅಕ್ಕನ ಊರಿಗೆ ಹೋದಳು. ಜಗಳವಾಡಲಿಲ್ಲ, ಬರುತ್ತೇನೆಂದೂ ಹೇಳಲಿಲ್ಲ. ಅತ್ತೆ ಬಾಗಿಲಲ್ಲಿ ಕೂತೇ ಇದ್ದಳು. ಬಂದವರಿಗೆಲ್ಲ "ಬಣ್ಣ ನೋಡಿದ ಮೊದಲ ದಿನವೇ ಅಂದಿದ್ದೆ ನಾನು, ಉಳಿಯೋ ಮಗು ಅಲ್ಲ ಅಂತ" ಎನ್ನುತ್ತಿದ್ದಳು. ಮಗ ತಾಯಿಗೆ ಎರಡು ಹೊತ್ತು ಊಟ ತಂದಿಡುತ್ತಿದ್ದ. ಮಾತಾಡುವುದನ್ನು ಬಿಟ್ಟ.

ಗಂಟೆ ಮತ್ತೆ ಕ್ರೇಟಿನ ಮೇಲೆ ಹತ್ತಿದ. ಯಾರೂ ಸಿಳ್ಳೆ ಹೊಡೆಯಲಿಲ್ಲ. ಅವನು ಒಂದು ಬೆಲೆ ಕೂಗಿದರೆ ವ್ಯಾಪಾರಿಗಳು ಅದಕ್ಕೇ ತಲೆಯಾಡಿಸಿ ಮಾಲು ಎತ್ತುತ್ತಿದ್ದರು. ಏರಿಸುವವರಿಲ್ಲ, ಚೌಕಾಸಿಯಿಲ್ಲ. ಕೆಣಕಲು ಬಾಯಿ ತೆರೆದರೆ ಎದುರಿಗಿದ್ದವನು ತಲೆ ತಗ್ಗಿಸುತ್ತಿದ್ದ. ಸಾವಿನ ಮನೆಯ ಮುಂದೆ ನಿಂತ ಹಾಗೆ ಎಲ್ಲರೂ ಸಾಲಾಗಿ ನಿಲ್ಲುತ್ತಿದ್ದರು. ರೈತರು ಯಜಮಾನರ ಹತ್ತಿರ ಹೋಗಿ ದೂರಿದರು.

"ನಿನ್ ಮೇಲೆ ನಂಗೆ ಕೋಪ ಇಲ್ಲಪ್ಪಾ" ಎಂದರು ಯಜಮಾನರು. "ಆದ್ರೆ ನಿನ್ನ ಕಂಡ್ರೆ ಜನಕ್ಕೆ ಬಾಯಿ ಕಟ್ಟುತ್ತೆ. ಬಾಯಿ ಕಟ್ಟಿದ ಜನ ಹರಾಜಿಗೆ ಆಗಲ್ಲ. ತೂಕದ ಕಡೆ ಹೋಗು."

ತೂಕದ ಕಟ್ಟೆ ಹೆಬ್ಬಾಗಿಲ ಹತ್ತಿರ, ಔಷಧಿ ಅಂಗಡಿಯ ಎದುರಿಗೆ. ಒಂದು ಮಧ್ಯಾಹ್ನ ಹಳೇ ರೇಡಿಯೊ ಅಂಗಡಿಯಿಂದ ಇಳಿದು ಬಂದು ತಕ್ಕಡಿಯ ಪಕ್ಕ ನಿಂತ. ಕೈ ಎರಡೂ ಎದೆಯ ಹತ್ತಿರ. "ನ-ನ-ನನಗೆ ಗೊ-ಗೊ-ಗೊ..." ಎಂದು ಶುರುಮಾಡಿದ. ಮುಖ ಬಿಗಿದುಕೊಂಡಿತು, ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ತುಂಬಿತು. ಮಾತು ಬರಲಿಲ್ಲ. ಮೂಟೆ ಹೊತ್ತ ಹಮಾಲಿಗಳು ದಾರಿಯಲ್ಲೇ ನಿಂತರು.

ಗಂಟೆ ತಲೆ ಎತ್ತಿ ಅವನನ್ನು ನೋಡಿದ. "ಸ್ಟೇಷನ್ನು ಸಿಕ್ಕಿದ ಮೇಲೆ ಬಾ" ಎಂದು ಹೇಳಿ, ಮುಂದಿನ ಮೂಟೆಯನ್ನು ತಕ್ಕಡಿಗೆ ಎಳೆದುಕೊಂಡ.

ಯಾರೂ ನಗಲಿಲ್ಲ. ಅಂಗಡಿಯವನು ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡು ರಸ್ತೆ ದಾಟಿದ. ಆಮೇಲೆ ಅವನು ಆ ಮಾತು ಮುಗಿಸಲು ಬರಲಿಲ್ಲ.

ಕಾಲ ಕಳೆದಂತೆ ಜನರ ಮೌನವೂ ಸವೆಯಿತು. ಮಂಡಿಗೆ ಬೇರೆ ಊರಿನಿಂದ ಹೊಸ ಕೂಗುವವನು ಬಂದ, ಹೊಸ ಹಮಾಲಿಗಳು ಬಂದರು. ಗಂಟೆ ಎಂಬ ಹೆಸರು ಕೂಗುವ ಕೆಲಸದ ಜತೆಗೇ ಹೋಗಿತ್ತು, ಇನ್ನೊಂದು ಉಳಿಯಿತು. ಕೆಟ್ಟ ಮನಸ್ಸಿನಿಂದ ಕರೆಯುವವರು ಈಗ ಯಾರೂ ಇಲ್ಲ. ಹೊಸಬರಿಗೆ ಅದರ ಅರ್ಥವೂ ಗೊತ್ತಿಲ್ಲ. "ಗುಳಿಗೆರಾಯಣ್ಣ, ಕೋಸು ಎಷ್ಟು ಬಂತು?" ಎಂದು ಹೊಸ ಕೂಗುವವನು ಕ್ರೇಟಿನ ಮೇಲಿಂದ ಕೇಳುತ್ತಾನೆ, ಮರ್ಯಾದೆಯಿಂದಲೇ. ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಕಾದು ಅವನು ತೂಕ ಹೇಳುತ್ತಾನೆ. ದನಿ ಅಷ್ಟು ದೂರ ಮುಟ್ಟುವುದಿಲ್ಲ. ಮಧ್ಯದಲ್ಲಿ ನಿಂತ ಯಾರಾದರೊಬ್ಬರು ಅದನ್ನು ಮತ್ತೊಮ್ಮೆ ಗಟ್ಟಿಯಾಗಿ ಕೂಗಿ ದಾಟಿಸಬೇಕು.